ಟಾಮ್ ಆ್ಯಂಡ್ ಜೆರ್ರಿ ಸಿನಿಮಾ ಕೆಟ್ಟಿದ್ದು ಮಾತಿನಿಂದಲ್ಲ

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ನೋಡುತ್ತಿದ್ದ ಹಳೆಯ ಟಾಮ್ ಆ್ಯಂಡ್ ಜೆರ್ರಿ ಕಾರ್ಟೂನುಗಳನ್ನು ಈಗ ಅವಳೂ ಬಿದ್ದು ಬಿದ್ದು ನಗುತ್ತಾ ನೋಡುತ್ತಾಳೆ. ರಜೆಯಲ್ಲಿ ಒಂದು ದಿನ 1992ರ ‘ಟಾಮ್ ಆ್ಯಂಡ್ ಜೆರ್ರಿ: ದಿ ಮೂವಿ’ ಹಾಕಿಕೊಟ್ಟೆ. ಇಬ್ಬರೂ ಬಾಯಿ ಬಿಟ್ಟು ಮಾತಾಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ‘ಅಮ್ಮಾ, ಇದು ಟಾಮ್ ಅಲ್ಲ’ ಅಂತ ಎದ್ದುಹೋದಳು. ನನಗೂ ಕೊನೆತನಕ ಕೂರಲಾಗಲಿಲ್ಲ. ಮೂಲ ಕಾರ್ಟೂನು ಮಾಡಿದವರಲ್ಲಿ ಒಬ್ಬರು ಜೊತೆಗಿದ್ದೂ, ಅಷ್ಟು ದೊಡ್ಡ ಸಂಗೀತ ನಿರ್ದೇಶಕರು ಇದ್ದೂ ಹೀಗ್ಯಾಕಾಯಿತು? ಅವರಿಬ್ಬರನ್ನು ಮಾತಾಡಿಸಿದ್ದೇ ತಪ್ಪಾ? ಅವಳಿಗೆ ಪೂರ್ತಿ ತೋರಿಸಬೇಕಾ, ಅಥವಾ ಬೇರೆ ಏನಾದರೂ ತೋರಿಸಲಾ?

ಉತ್ತರ: ನಿಮ್ಮ ಮಗಳು ಎದ್ದುಹೋಗಿದ್ದು ಸರಿಯಾದ ಜಾಗದಲ್ಲೇ. ಆ ಸಿನಿಮಾ ಕೈತಪ್ಪುವುದು ಅಲ್ಲಿಂದಲೇ. ಆದರೆ ಕಾರಣ ಮಾತು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಈ ಸಿನಿಮಾದ ವಿಷಯ ಬಂದಾಗಲೆಲ್ಲ ಜನ ಹೇಳುವುದು ಒಂದೇ: ಮೂಕ ಪಾತ್ರಗಳಿಗೆ ಬಾಯಿ ಕೊಟ್ಟು ಕೆಡಿಸಿದರು. ಅನಿಮೇಷನ್ ಪಾಠ ಮಾಡುವ ನನಗೆ ತರಗತಿಯಲ್ಲೂ ಇದೇ ಉತ್ತರ ಸಿಗುತ್ತದೆ. ಇದನ್ನು ನಂಬಿಕೊಂಡರೆ ಪರಿಹಾರ ಬಹಳ ಸುಲಭ ಅನ್ನಿಸಿಬಿಡುತ್ತದೆ, ಬಾಯಿ ಮುಚ್ಚಿಸಿದರೆ ಆಯಿತು ಎಂದು. 2021ರಲ್ಲಿ ಹಾಗೆಯೇ ಬಾಯಿ ಮುಚ್ಚಿಸಿ ಇನ್ನೊಂದು ಸಿನಿಮಾ ಮಾಡಿದರು. ಅದೂ ಸರಿಹೋಗಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಹಳೆಯ ಕಾರ್ಟೂನುಗಳಲ್ಲಿ ಟಾಮ್, ಜೆರ್ರಿ ಎಂದೂ ಮಾತಾಡಿರಲಿಲ್ಲ ಎನ್ನುವುದು ನಿಜವಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಇಬ್ಬರೂ ಸೇರಿ ಎಂಜಿಎಂ ಎಂಬ ಹಾಲಿವುಡ್ ಸ್ಟುಡಿಯೋಗೆ ಮಾಡಿಕೊಟ್ಟ, 1940ರಿಂದ 1958ರವರೆಗೆ ತೆರೆಕಂಡ 114 ಕಿರುಚಿತ್ರಗಳಲ್ಲಿ ಅಲ್ಲಲ್ಲಿ ಮಾತು ಬರುತ್ತದೆ. 1944ರ ‘ಮೌಸ್ ಟ್ರಬಲ್’ನಲ್ಲಿ ಟಾಮ್ ಇಲಿ ಹಿಡಿಯುವುದು ಹೇಗೆಂಬ ಪುಸ್ತಕ ತರಿಸಿಕೊಂಡು ಅಧ್ಯಾಯ ಅಧ್ಯಾಯವಾಗಿ ಓದಿ ಪ್ರಯೋಗ ಮಾಡುತ್ತಾನೆ. ಮೂಲೆಗೆ ಸಿಕ್ಕಿಬಿದ್ದ ಇಲಿ ತಿರುಗಿ ಬೀಳುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಅದನ್ನು ನಂಬಿ ಹೋದ ಟಾಮ್ ಚೆನ್ನಾಗಿ ಪೆಟ್ಟು ತಿಂದು ಬಂದು, ನಮ್ಮ ಕಡೆ ತಿರುಗಿ, ಭೂತದ ದನಿಯಲ್ಲಿ ಅದನ್ನು ನಂಬಬೇಡಿ ಎನ್ನುತ್ತಾನೆ. 1946ರ ‘ಸಾಲಿಡ್ ಸೆರೆನೇಡ್’ನಲ್ಲಿ ಹೆಣ್ಣುಬೆಕ್ಕಿನ ಕಿಟಕಿಯ ಕೆಳಗೆ ನಿಂತು ಇಡೀ ಹಾಡೊಂದನ್ನು ಹಾಡುತ್ತಾನೆ. 1945ರ ‘ಆ್ಯಂಕರ್ಸ್ ಅವೇ’ ಸಿನಿಮಾದಲ್ಲಿ ಜೆರ್ರಿ ನಟ, ನರ್ತಕ ಜೀನ್ ಕೆಲ್ಲಿಯ ಜೊತೆ ಕುಣಿಯುವುದಲ್ಲದೆ ಅವನೊಂದಿಗೆ ಮಾತಾಡುತ್ತಾನೆ, ಹಾಡುತ್ತಾನೆ. ಇನ್ನು ನಾಯಿ ಸ್ಪೈಕ್‌ಗಂತೂ ಬಾಯಿಗೆ ಬಿಡುವೇ ಇಲ್ಲ. ಇದನ್ನೆಲ್ಲ ನೋಡಿ ಯಾರೂ ಇದು ಟಾಮ್ ಅಲ್ಲ ಎಂದು ಎದ್ದುಹೋಗಲಿಲ್ಲ.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ 1943ರ ‘ದಿ ಲೋನ್‌ಸಮ್ ಮೌಸ್’. ಅದರಲ್ಲಿ ಇಬ್ಬರೂ ಮಾತಾಡುತ್ತಾರೆ, ಇಬ್ಬರೂ ಸ್ನೇಹಿತರೂ ಆಗುತ್ತಾರೆ. 1992ರ ಸಿನಿಮಾದ ಎರಡು ‘ಅಪರಾಧ’ಗಳೂ ಅಲ್ಲಿ ಸುಮಾರು ಐವತ್ತು ವರ್ಷ ಮೊದಲೇ ನಡೆದುಹೋಗಿವೆ. ಜೆರ್ರಿ ಹೂದಾನಿಯೊಂದನ್ನು ಬೀಳಿಸುತ್ತಾನೆ, ತಪ್ಪು ಟಾಮ್‌ನ ತಲೆಗೆ ಬರುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ. ಜೆರ್ರಿಗೆ ಹಬ್ಬ. ಇಡೀ ಮನೆ ಅವನದು. ಆ ಸಂಭ್ರಮ ಎಷ್ಟು ಹೊತ್ತು? ಸ್ವಲ್ಪ ಹೊತ್ತಿಗೇ ಬೇಸರ ಬರುತ್ತದೆ. ಓಡಿಸುವವನು ಇಲ್ಲದ ಮೇಲೆ ಓಡುವುದರಲ್ಲಿ ಸುಖವೇನು? ಹೊರಗೆ ಹೋಗಿ ಟಾಮ್‌ನ ಜೊತೆ ಗುಟ್ಟಾಗಿ ಮಾತಾಡಿ ಒಂದು ಉಪಾಯ ಹೂಡುತ್ತಾನೆ: ನಾನು ಮನೆಯೊಳಗೆ ಗಲಾಟೆ ಎಬ್ಬಿಸುತ್ತೇನೆ, ನಿನ್ನನ್ನು ಅವರೇ ವಾಪಸ್ ಕರೆಯುತ್ತಾರೆ. ಹಾಗೆಯೇ ಆಗುತ್ತದೆ. ಟಾಮ್‌ಗೆ ಬಹುಮಾನವಾಗಿ ತಿಂಡಿ ಸಿಗುತ್ತದೆ. ಜೆರ್ರಿ ತನ್ನ ಪಾಲು ಕೇಳಲು ಬಂದರೆ ಟಾಮ್ ಕೊಡುವುದಿಲ್ಲ. ಮತ್ತೆ ಶುರು.

ಇಲ್ಲಿ ಸ್ನೇಹ ಹುಟ್ಟುವುದು ಜಗಳಕ್ಕೋಸ್ಕರ. ಜೆರ್ರಿಗೆ ಬೇಕಾಗಿರುವುದು ಟಾಮ್‌ನ ಗೆಳೆತನವಲ್ಲ, ಟಾಮ್ ಬೆನ್ನಟ್ಟುವುದು. ಮಾತು ಎರಡು ನಿಮಿಷದ ಸಂಚಿಗಷ್ಟೇ ಬೇಕಾಯಿತು, ಕೆಲಸ ಮುಗಿದ ಕೂಡಲೇ ಬದಿಗೆ ಸರಿಯಿತು. ಈ ಸರಣಿಯ ಹೃದಯ ಇದು: ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು, ಎದುರಾಳಿಯಾಗಿ ಬೇಕು. ಈ ಒಂದು ನಂಟು ಗಟ್ಟಿಯಾಗಿದ್ದರೆ ಮಾತಾಡಿಸಿ, ಹಾಡಿಸಿ, ಎರಡು ಕಾಲಲ್ಲಿ ನಿಲ್ಲಿಸಿ ಪಿಯಾನೋ ನುಡಿಸಿ, ಏನೂ ಕೆಡುವುದಿಲ್ಲ. ಅದನ್ನು ಕಡಿದುಹಾಕಿದ ಮೇಲೆ ಮೂಕರಾಗಿಟ್ಟರೂ ಪ್ರಯೋಜನವಿಲ್ಲ.

1992ರ ಸಿನಿಮಾ ಕಡಿದದ್ದು ಇದನ್ನೇ.

ನೀವು ಪೂರ್ತಿ ನೋಡಿಲ್ಲವಾದ್ದರಿಂದ ಕಥೆ ಹೇಳಿಬಿಡುತ್ತೇನೆ. ಟಾಮ್‌ನ ಮಾಲೀಕರು ಮನೆ ಖಾಲಿ ಮಾಡಿಕೊಂಡು ಹೋಗುತ್ತಾರೆ, ಜೆರ್ರಿಯ ಹಿಂದೆ ಬಿದ್ದ ಟಾಮ್ ಹಿಂದೆಯೇ ಉಳಿದುಬಿಡುತ್ತಾನೆ. ಆ ಮನೆಯನ್ನೂ ಕೆಡವುತ್ತಾರೆ. ಇಲ್ಲಿಯವರೆಗೆ ಹೆಚ್ಚುಕಡಿಮೆ ಮಾತಿಲ್ಲ, ಹಳೆಯ ವರಸೆಯ ಓಟವಿದೆ, ನಿಮ್ಮ ಮಗಳು ನಕ್ಕಿದ್ದರೆ ಈ ಭಾಗದಲ್ಲೇ ನಕ್ಕಿರಬೇಕು. ಬೀದಿಗೆ ಬಿದ್ದ ಇಬ್ಬರಿಗೆ ಪಗ್ಸಿ ಎಂಬ ನಾಯಿ ಮತ್ತು ಅದರ ಜೊತೆಗಾರ ಚಿಗಟ ಫ್ರಾಂಕಿ ಸಿಗುತ್ತಾರೆ. ಇವರ ಎದುರಲ್ಲೇ ಟಾಮ್, ಜೆರ್ರಿ ಬಾಯಿ ಬಿಡುವುದು. ನಿನಗೆ ಮಾತು ಬರುತ್ತದಾ ಎಂದು ಒಬ್ಬರನ್ನೊಬ್ಬರು ನೋಡಿ ಬೆರಗಾಗುತ್ತಾರೆ. ನೀವಿಬ್ಬರೂ ಸ್ನೇಹಿತರಾಗಬೇಕು ಎಂದು ನಾಯಿ ಮತ್ತು ಚಿಗಟ ಹಾಡು ಹೇಳಿ ಬುದ್ಧಿ ಕಲಿಸುತ್ತವೆ. ಅಲ್ಲಿಗೆ ಐದು ದಶಕದ ವೈರ ಮುಗಿಯಿತು.

ಆಮೇಲೆ ರಾಬಿನ್ ಸ್ಟಾರ್ಲಿಂಗ್ ಎಂಬ ಹುಡುಗಿ ಬರುತ್ತಾಳೆ. ತಾಯಿ ಇಲ್ಲ, ತಂದೆ ಟಿಬೆಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತನೆಂದು ಸುದ್ದಿ. ಆಸ್ತಿಯ ಮೇಲೆ ಕಣ್ಣಿಟ್ಟ ಅತ್ತೆ ಫಿಗ್, ಅವಳ ವಕೀಲ ಲಿಕ್‌ಬೂಟ್, ಸ್ಕೇಟ್‌ಬೋರ್ಡಿನ ಮೇಲೆ ಓಡಾಡುವ ಒಂದು ದಢೂತಿ ನಾಯಿ. ತಂದೆ ಬದುಕಿದ್ದಾನೆಂದು ಟಾಮ್ ಮತ್ತು ಜೆರ್ರಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳುವುದು, ಸಿಕ್ಕಿಬೀಳುವುದು, ಮತ್ತೆ ತಪ್ಪಿಸಿಕೊಳ್ಳುವುದು. ಪ್ರಾಣಿಪ್ರೇಮಿಯಂತೆ ನಟಿಸುವ ವೈದ್ಯ, ಅಮ್ಯೂಸ್‌ಮೆಂಟ್ ಪಾರ್ಕಿನ ಕ್ಯಾಪ್ಟನ್, ಬೆಂಕಿ ಬಿದ್ದ ಮರದ ಮನೆ, ಹೆಲಿಕಾಪ್ಟರಿನಲ್ಲಿ ಬರುವ ತಂದೆ. ಕೊನೆಯ ಗಳಿಗೆಯಲ್ಲಿ, ಸಿರಿವಂತ ಮನೆಯಲ್ಲಿ ನೆಲೆ ಸಿಕ್ಕಿದ ಮೇಲೆ, ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ಅಟ್ಟಾಡಿಸಲು ಶುರು ಮಾಡುತ್ತಾರೆ. ಸಿನಿಮಾ ಮುಗಿಯುತ್ತದೆ.

ಈಗ ಈ ಕಥೆಯಿಂದ ಟಾಮ್ ಮತ್ತು ಜೆರ್ರಿಯನ್ನು ತೆಗೆದು ಆ ಜಾಗದಲ್ಲಿ ಒಂದು ನಾಯಿಮರಿಯನ್ನೋ ಅಳಿಲನ್ನೋ ಇಟ್ಟು ನೋಡಿ. ಏನೂ ಬದಲಾಗುವುದಿಲ್ಲ. ಅನಾಥ ಹುಡುಗಿ, ದುಷ್ಟ ಅತ್ತೆ, ಕಳೆದುಹೋದ ಅಪ್ಪ, ಇಷ್ಟೂ ಹಾಗೇ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಪರೀಕ್ಷೆ ಇದೇ: ಮುಖ್ಯ ಪಾತ್ರವನ್ನು ತೆಗೆದರೂ ಕಥೆ ನಿಂತರೆ, ಅದು ಮುಖ್ಯ ಪಾತ್ರವಲ್ಲ. ತಮ್ಮದೇ ಹೆಸರಿನ ಸಿನಿಮಾದಲ್ಲಿ ಟಾಮ್ ಮತ್ತು ಜೆರ್ರಿ ಸಹಾಯಕ ಪಾತ್ರಗಳಾಗಿಬಿಟ್ಟರು. ಮನೆ ಕೆಡವಿದ್ದಕ್ಕೆ ಅವರ ಜಗಳ ಕಾರಣವಲ್ಲ. ರಾಬಿನ್‌ಳ ಕಷ್ಟಕ್ಕೂ ಅವರಿಗೂ ಸಂಬಂಧವಿಲ್ಲ. ಅವರಿಗೆ ಸ್ವಂತಕ್ಕೆ ಬೇಕಾದದ್ದು ಒಂದು ಸೂರು ಮಾತ್ರ. ಅದು ಸಿಗದಂತೆ ಒಬ್ಬರಿಗೊಬ್ಬರು ಅಡ್ಡ ಬರುವುದೂ ಇಲ್ಲ. ಎದುರಾಳಿತನ ಹೋದ ಮೇಲೆ ಇಬ್ಬರ ನಡುವೆ ಉಳಿದದ್ದು ಒಳ್ಳೆಯ ಮಾತು ಮಾತ್ರ. ನಿಮ್ಮ ಮಗಳಿಗೆ ಅದು ಟಾಮ್ ಅಲ್ಲ ಅನ್ನಿಸಿದ್ದು ಅದಕ್ಕೇ. ಬಾಯಿ ಬಿಟ್ಟ ಕ್ಷಣವೂ ರಾಜಿ ಮಾಡಿಕೊಂಡ ಕ್ಷಣವೂ ಅಕ್ಕಪಕ್ಕ ಬಂದದ್ದರಿಂದ, ಏಳು ವರ್ಷದ ಮಗುವಿಗೆ ಎದ್ದು ಕಂಡದ್ದು ಬಾಯಿ.

ಅವರು ಹೀಗೇಕೆ ಮಾಡಿದರು? ನಿರ್ಮಾಪಕರ ಮೇಲೆ ರೇಗುವುದು ಸುಲಭ, ಆದರೆ ಅವರ ಕಷ್ಟ ನಿಜವಾದದ್ದು. ಹಳೆಯ ಟಾಮ್ ಆ್ಯಂಡ್ ಜೆರ್ರಿ ಚಿತ್ರವೊಂದು ಏಳೆಂಟು ನಿಮಿಷದ್ದು. ಥಿಯೇಟರಿನಲ್ಲಿ ಸುದ್ದಿಚಿತ್ರ, ಮುಖ್ಯ ಸಿನಿಮಾಗಳ ಜೊತೆ ತೋರಿಸಲು ಮಾಡಿದ್ದು. ಈ ಸಿನಿಮಾ 84 ನಿಮಿಷ. ಏಳು ನಿಮಿಷದ ಓಟವನ್ನು ಹಿಗ್ಗಿಸಿ 84 ನಿಮಿಷ ಮಾಡಲಾಗದು, ನೋಡುವವರ ಕಣ್ಣು ಸೋಲುತ್ತದೆ. ಹಾಗಾಗಿ ಹೊರಗಿನಿಂದ ಒಂದು ಕಥೆ ತಂದರು. ಯಾವ ಕಥೆ ತರಬೇಕೆಂಬುದನ್ನು ಆ ಕಾಲದ ಗಾಳಿ ನಿರ್ಧರಿಸಿತು. ಡಿಸ್ನಿಯ ‘ದಿ ಲಿಟಲ್ ಮರ್ಮೇಡ್’ 1989ರಲ್ಲಿ ಬಂದು ಗೆದ್ದಿತ್ತು, 1991ರಲ್ಲಿ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’. ಕಾರ್ಟೂನ್ ಸಿನಿಮಾ ಎಂದರೆ ಹಾಡು, ಹಾಡುವ ಖಳರು, ಕಣ್ಣೀರು ಹಾಕುವ ಹುಡುಗಿ ಎಂದು ಉದ್ಯಮ ನಂಬಿದ ವರ್ಷಗಳು ಅವು. ಎಂಜಿಎಂನ ಹಳೆಯ ಚಿತ್ರಗಳ ಹಕ್ಕು 1986ರಲ್ಲಿ ಟಿವಿ ಉದ್ಯಮಿ ಟೆಡ್ ಟರ್ನರ್ ಕೈಗೆ ಬಂದಿತ್ತು, ಹೆಸರನ್ನು ದೊಡ್ಡ ಪರದೆಗೆ ಏರಿಸುವ ಆಸೆ ಸಹಜ. ನಿರ್ದೇಶಕ ಫಿಲ್ ರೋಮನ್ ಅನನುಭವಿಯಲ್ಲ. ಅರವತ್ತರ ದಶಕದಲ್ಲಿ ಚಕ್ ಜೋನ್ಸ್ ಮಾಡಿದ ಟಾಮ್ ಆ್ಯಂಡ್ ಜೆರ್ರಿ ಚಿತ್ರಗಳಿಗೆ ಸ್ವತಃ ಅನಿಮೇಟರ್ ಆಗಿ ಕೆಲಸ ಮಾಡಿದ್ದವರು, ಗಾರ್ಫೀಲ್ಡ್ ಎಂಬ ಕಾರ್ಟೂನ್ ಬೆಕ್ಕಿನ ಟಿವಿ ಚಿತ್ರಗಳಿಂದ ಹೆಸರಾದವರು. ಬಾರ್ಬೆರಾ ಸಲಹೆಗಾರರಾಗಿದ್ದರು. ಪ್ರತಿಭೆಗೆ ಬರವಿರಲಿಲ್ಲ.

ಸ್ನೇಹದ ಆಲೋಚನೆಯೂ ದಿಢೀರನೆ ಬಂದದ್ದಲ್ಲ. ಇದಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದಲ್ಲಿ ಅರವತ್ತರ ದಶಕದ ಕೊನೆಯಿಂದ ಮಕ್ಕಳ ಟಿವಿಯಲ್ಲಿ ಹೊಡೆದಾಟ ಹೆಚ್ಚಾಯಿತೆಂದು ಪೋಷಕರ ಸಂಘಟನೆಗಳು ದನಿ ಎತ್ತಿದವು, ಚಾನೆಲ್‌ಗಳು ಕಟ್ಟುನಿಟ್ಟು ಮಾಡಿದವು. 1975ರಲ್ಲಿ ಟಿವಿಗಾಗಿ ಹೊಸ ಟಾಮ್ ಆ್ಯಂಡ್ ಜೆರ್ರಿ ಬಂದಾಗ ಇಬ್ಬರೂ ಗೆಳೆಯರು. ಜೆರ್ರಿಯ ಕೊರಳಿಗೆ ಕೆಂಪು ಬೋ ಟೈ. ಇಬ್ಬರೂ ಜೊತೆಯಾಗಿ ಊರೂರು ಸುತ್ತುತ್ತಾರೆ, ಆಟೋಟಗಳಲ್ಲಿ ಸ್ಪರ್ಧಿಸುತ್ತಾರೆ. ಅದನ್ನು ಮಾಡಿದವರು ಬೇರೆ ಯಾರೂ ಅಲ್ಲ, ಹ್ಯಾನಾ-ಬಾರ್ಬೆರಾ ಸಂಸ್ಥೆಯೇ. ಆದ್ದರಿಂದ ಮೂಲದವರು ಜೊತೆಗಿದ್ದೂ ಹೀಗಾಯಿತೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಮೂಲದವರೇ ಆ ದಾರಿಯಲ್ಲಿ ಒಮ್ಮೆ ನಡೆದಿದ್ದರು. ಟಿವಿಯ ದಿನಗಳಲ್ಲಿ ಅವರ ಕೆಲಸದ ರೀತಿಯೂ ಬದಲಾಗಿತ್ತು. ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು 1957ರಲ್ಲಿ ಮುಚ್ಚಿತು. ಟಿವಿ ಕೊಡುತ್ತಿದ್ದ ಹಣ ತೀರಾ ಕಡಿಮೆ. ದೇಹ ಪೂರ್ತಿ ಕುಣಿಸಲು ಸೆಕೆಂಡಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಬರೆಯಬೇಕು. ಮಾತಾಡಿಸಿದರೆ ದೇಹವನ್ನು ನಿಲ್ಲಿಸಿ ಬಾಯಿಯನ್ನಷ್ಟೇ ಬದಲಿಸಿದರೆ ಸಾಕು. ಟಿವಿ ಕಾರ್ಟೂನುಗಳು ಮಾತಿನಮಲ್ಲರಾದದ್ದು ಹೀಗೆ, ದುಡ್ಡಿನ ಕಾರಣಕ್ಕೆ.

ಹಳೆಯ ಚಿತ್ರಗಳಲ್ಲಿ ಮಾತಿನ ಕೆಲಸವನ್ನು ಮಾಡುತ್ತಿದ್ದದ್ದು ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾರ್ಬೆರಾ ಕಥೆ ಮತ್ತು ಚೇಷ್ಟೆಗಳನ್ನು ಚಕಚಕ ಸ್ಕೆಚ್ ಮಾಡುತ್ತಿದ್ದರು. ಹ್ಯಾನಾ ಅವಕ್ಕೆ ಟೈಮಿಂಗ್ ಕೂಡಿಸುತ್ತಿದ್ದರು: ಯಾವ ಏಟು ಎಷ್ಟನೇ ಫ್ರೇಮಿನಲ್ಲಿ, ಅಂದರೆ ಎಷ್ಟನೇ ಚಿತ್ರದಲ್ಲಿ ಬೀಳಬೇಕು, ಬಿದ್ದ ಮೇಲೆ ಟಾಮ್ ಎಷ್ಟು ಫ್ರೇಮು ಸುಮ್ಮನೆ ಕಣ್ಣು ಪಿಳುಕಿಸಬೇಕು, ನೋವು ತಲೆಗೆ ಏರಲು ಎಷ್ಟು ಹೊತ್ತು. ಟಾಮ್‌ನ ಆ ಪ್ರಸಿದ್ಧ ಚೀತ್ಕಾರ ಕೂಡ ಹ್ಯಾನಾ ಅವರದ್ದೇ ಗಂಟಲು. ಸಂಗೀತ ಬಹುತೇಕ ಎಲ್ಲದಕ್ಕೂ ಸ್ಕಾಟ್ ಬ್ರ್ಯಾಡ್ಲಿ ಅವರದು. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆ, ಹುಬ್ಬು, ತಿರುಗಣೆಗೆ ಚೆಂಡೆ ಪೆಟ್ಟು ಕೊಡುವ ಹಾಗೆ, ಬ್ರ್ಯಾಡ್ಲಿಯವರ ವಾದ್ಯಗಳು ಟಾಮ್‌ನ ಒಂದೊಂದು ಕಾಲ್ಬೆರಳಿಗೂ ಸ್ವರ ಕೊಡುತ್ತವೆ. ಬೆಕ್ಕು ಮೆಟ್ಟಿಲು ಇಳಿದರೆ ಪಿಟೀಲು ಇಳಿಯುತ್ತದೆ, ಇಲಿ ಉಸಿರು ಬಿಗಿಹಿಡಿದರೆ ಇಡೀ ವಾದ್ಯವೃಂದ ಉಸಿರು ಬಿಗಿಹಿಡಿಯುತ್ತದೆ. 1947ರಲ್ಲಿ ತೆರೆಕಂಡ ‘ದಿ ಕ್ಯಾಟ್ ಕನ್ಸರ್ಟೊ’ವನ್ನು ಮತ್ತೊಮ್ಮೆ ನೋಡಿ. ಟಾಮ್ ಕಛೇರಿ ಉಡುಪಿನಲ್ಲಿ ಗಂಭೀರವಾಗಿ ಬಂದು ಕುಳಿತು ಸಂಗೀತಗಾರ ಲಿಸ್ಟ್‌ನ ಎರಡನೇ ಹಂಗೇರಿಯನ್ ರಾಪ್ಸೊಡಿ ನುಡಿಸುತ್ತಾನೆ. ಪಿಯಾನೋದೊಳಗೆ ತಂತಿ ಬಡಿಯುವ ಸುತ್ತಿಗೆಗಳ ಮೇಲೆ ಜೆರ್ರಿ ಮಲಗಿದ್ದಾನೆ, ಕಛೇರಿ ಶುರುವಾದದ್ದೇ ಅವನ ನಿದ್ದೆ ಹಾಳು. ಅಲ್ಲಿಂದ ಕೊನೆತನಕ ಜಗಳವೇ, ಆದರೆ ಕಛೇರಿ ನಿಲ್ಲುವಂತಿಲ್ಲ. ಜೆರ್ರಿ ಕೀಲಿಗಳ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಟಾಮ್‌ನ ಬೆರಳು ಅದರ ಅಕ್ಕಪಕ್ಕ ತಪ್ಪಿಸಿಕೊಂಡು ಓಡಾಡಿ ಓಡಾಡಿ ಕೊನೆಗೆ ಸಿಕ್ಕಿಕೊಳ್ಳುತ್ತದೆ. ನೋವಾಯಿತು, ಆದರೆ ಸಭೆಯ ಮುಂದೆ ಮುಖ ಕೆಡಿಸಿಕೊಳ್ಳುವಂತಿಲ್ಲ. ಆ ಮುಖದಲ್ಲಿ ಮಾನ, ನೋವು, ಸಿಟ್ಟು ಮೂರೂ ಒಟ್ಟಿಗೆ ಇವೆ. ಕಲಾವಿದನ ಬಗ್ಗೆ ಪುಟಗಟ್ಟಲೆ ಬರೆದರೂ ಇಷ್ಟು ಹೇಳಲಾಗದು. ಕೊನೆಗೆ ಬಳಲಿ ಬಿದ್ದ ಟಾಮ್‌ನ ಬದಲು ಚಪ್ಪಾಳೆ ಗಿಟ್ಟಿಸುವುದು ಜೆರ್ರಿ. ಆಸ್ಕರ್ ಗೆದ್ದ ಏಳು ಟಾಮ್ ಆ್ಯಂಡ್ ಜೆರ್ರಿ ಚಿತ್ರಗಳಲ್ಲಿ ಇದೂ ಒಂದು.

ಸ್ನೇಹದ ವಿಷಯಕ್ಕೆ ಬಂದರೆ 1941ರ ‘ದಿ ನೈಟ್ ಬಿಫೋರ್ ಕ್ರಿಸ್ಮಸ್’ ಸಾಕು. ಟಾಮ್ ಜೆರ್ರಿಯನ್ನು ಹಿಮ ಬೀಳುತ್ತಿರುವ ರಾತ್ರಿಯಲ್ಲಿ ಹೊರಗೇ ಬಿಟ್ಟು ಬಾಗಿಲು ಭದ್ರ ಮಾಡುತ್ತಾನೆ. ಬೆಂಕಿಗೂಡಿನ ಮುಂದೆ ಬೆಚ್ಚಗೆ ಮಲಗುತ್ತಾನೆ. ನಿದ್ದೆ ಬರುವುದಿಲ್ಲ. ಬಾಗಿಲ ಕಡೆ ನೋಡುತ್ತಾನೆ, ನೋಡಿಲ್ಲವೆಂಬಂತೆ ತಿರುಗುತ್ತಾನೆ, ಮತ್ತೆ ನೋಡುತ್ತಾನೆ. ಕೊನೆಗೆ ಎದ್ದು ಹೋಗಿ ಮರಗಟ್ಟಿದ ಇಲಿಯನ್ನು ಎತ್ತಿ ತಂದು ಬೆಂಕಿ ಕಾಯಿಸುತ್ತಾನೆ. ಚೇತರಿಸಿಕೊಂಡ ಜೆರ್ರಿ, ಟಾಮ್ ಹಾಲಿಗೆ ಬಾಯಿ ಹಾಕುವಷ್ಟರಲ್ಲಿ ತಡೆದು, ಬಟ್ಟಲಿನೊಳಗಿನಿಂದ ಇಲಿಬೋನನ್ನು ಮೇಲೆತ್ತುತ್ತಾನೆ. ಅದು ಅವನೇ ಅಡಗಿಸಿಟ್ಟದ್ದು! ಒಂದು ಮಾತಿಲ್ಲ. ಇಬ್ಬರೂ ತಾವು ಹೂಡಿದ ಆಟವನ್ನು ತಾವೇ ಹಿಂದೆಗೆದುಕೊಂಡರು, ಅಷ್ಟೇ. ಒಂದು ರಾತ್ರಿಯ ಮಟ್ಟಿಗೆ. ನಾಳೆ ಬೆಳಗ್ಗೆ ಮತ್ತೆ ಓಟವೇ ಎಂದು ನಮಗೂ ಗೊತ್ತು, ಅವರಿಗೂ ಗೊತ್ತು, ಅದಕ್ಕೇ ಆ ರಾತ್ರಿಗೆ ಬೆಲೆ.

1992ರ ಸಿನಿಮಾ ಇದೇ ಭಾವವನ್ನು ಹಿಡಿಯಲು ಹೊರಟಿತು ಎಂದೇ ನನ್ನ ನಂಬಿಕೆ. ಈ ಇಬ್ಬರ ಜಗಳದ ಅಡಿಯಲ್ಲಿ ಪ್ರೀತಿ ಇದೆ ಎಂಬುದನ್ನು ಅವರೂ ಕಂಡಿದ್ದರು, ಅದನ್ನು ಎತ್ತಿ ಮೇಲಿಡಬೇಕೆಂದುಕೊಂಡರು. ಆದರೆ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ, ಹೊರಗಿನವರ ಬೋಧನೆಯಿಂದ, ಹಾಡಿನ ರೂಪದಲ್ಲಿ ಆ ಪ್ರೀತಿಯನ್ನು ಘೋಷಿಸಿಬಿಟ್ಟರೆ ಉಳಿದ ಒಂದು ಗಂಟೆಯಲ್ಲಿ ಇಬ್ಬರಿಗೂ ಗೆಲ್ಲಲು, ಕಳೆದುಕೊಳ್ಳಲು ಏನು ಉಳಿಯಿತು?

ಸಂಗೀತದ ಬಗ್ಗೆ ಕೇಳಿದ್ದೀರಿ. ಹೆನ್ರಿ ಮ್ಯಾನ್ಸಿನಿ ಸಂಗೀತ, ಲೆಸ್ಲಿ ಬ್ರಿಕಸ್ ಸಾಹಿತ್ಯ. ‘ವಿಕ್ಟರ್/ವಿಕ್ಟೋರಿಯಾ’ ಸಿನಿಮಾಗೆ ಇಬ್ಬರೂ ಸೇರಿ ಆಸ್ಕರ್ ಪಡೆದವರು. ಮ್ಯಾನ್ಸಿನಿ ಎಂದ ಕೂಡಲೇ ನನಗೆ ನೆನಪಾಗುವುದು ‘ಪಿಂಕ್ ಪ್ಯಾಂಥರ್’. 1963ರ ಸಿನಿಮಾಗೆ ಅವರು ಮಾಡಿದ ಆ ಸ್ಯಾಕ್ಸೊಫೋನಿನ ಮಟ್ಟು, ಮುಂದೆ ಗುಲಾಬಿ ಬಣ್ಣದ ಆ ಚಿರತೆ ಸ್ವಂತ ಕಾರ್ಟೂನಿನ ನಾಯಕನಾದಾಗ ಅವನ ನಡಿಗೆ, ಅವನ ಸ್ವಭಾವ ಎಲ್ಲವೂ ಆಯಿತು. ಒಂದೂ ಮಾತಿಲ್ಲದೆ ಒಂದು ಪಾತ್ರವನ್ನು ನಿಲ್ಲಿಸಬಲ್ಲ ಸಂಗೀತ ಅವರ ಕೈಯಲ್ಲಿತ್ತು. ಅಂಥವರನ್ನು ಕರೆಸಿ ಟಾಮ್ ಮತ್ತು ಜೆರ್ರಿಗೆ ಹಾಡಲು ಹಾಡು ಬರೆಸಿದರು. ನನಗೆ ಈ ಸಿನಿಮಾದಲ್ಲಿ ನಿಜವಾಗಿ ಬೇಸರ ತರುವ ಸಂಗತಿ ಇದು. ಹಾಡುಗಳು ಎಲ್ಲವೂ ಕೆಟ್ಟದ್ದೆಂದು ಹೇಳಲಾರೆ. ಫಿಗ್ ಮತ್ತು ಲಿಕ್‌ಬೂಟ್ ಹಣವನ್ನು ಹೊಗಳಿ ಹಾಡುವ ಹಾಡಿನಲ್ಲಿ ಜೀವವಿದೆ. ಲಿಕ್‌ಬೂಟ್‌ಗೆ ದನಿ ಕೊಟ್ಟ ಟೋನಿ ಜೇ ಅವರ ಆ ತಗ್ಗಿದ ತಣ್ಣನೆಯ ಕಂಠ ಕೇಳಲೇಬೇಕಾದದ್ದು. ಖಳರಿಗೆ ಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು, ಅವರ ಹಾಡು ಗೆದ್ದಿತು.

ಸಿನಿಮಾ 1992ರ ಅಕ್ಟೋಬರಿನಲ್ಲಿ ಮೊದಲು ಜರ್ಮನಿಯಲ್ಲಿ, ಮರುವರ್ಷ ಜುಲೈ ಕೊನೆಗೆ ಅಮೆರಿಕದಲ್ಲಿ ತೆರೆಕಂಡಿತು. ಅಮೆರಿಕದ ಥಿಯೇಟರುಗಳಲ್ಲಿ ಸುಮಾರು 35 ಲಕ್ಷ ಡಾಲರ್ ಮಾತ್ರ ಗಳಿಸಿತು.

ಮಾತಿಲ್ಲದೆ ಒಂದೂವರೆ ಗಂಟೆ ಕೂರಿಸಲು ಸಾಧ್ಯವೇ ಇಲ್ಲ ಎನ್ನುವವರಿಗೆ ನಾನು ತೋರಿಸುವುದು ‘ಶಾನ್ ದಿ ಶೀಪ್ ಮೂವಿ’. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದವರು 2007ರಿಂದ ಮಾಡುತ್ತಿದ್ದ, ಏಳೇ ನಿಮಿಷದ ಕಂತುಗಳ ಟಿವಿ ಸರಣಿಯಿಂದ 2015ರಲ್ಲಿ ತೆಗೆದ ಸಿನಿಮಾ ಅದು. ಟಾಮ್ ಆ್ಯಂಡ್ ಜೆರ್ರಿ ಸಿನಿಮಾದಷ್ಟೇ ಉದ್ದ. ಅರ್ಥವಾಗುವ ಮಾತು ಒಂದೂ ಇಲ್ಲ, ಮನುಷ್ಯರೂ ಗೊಣಗುತ್ತಾರಷ್ಟೇ. ದಿನಾ ಒಂದೇ ದುಡಿಮೆಯಿಂದ ಬೇಸತ್ತ ಶಾನ್ ಎಂಬ ಕುರಿ ಒಂದು ದಿನ ರಜೆ ಬೇಕೆಂದು ರೈತನನ್ನು ಮೋಸದಿಂದ ನಿದ್ದೆಗೆಡವುತ್ತದೆ. ರೈತ ಮಲಗಿದ್ದ ಗಾಡಿ ಉರುಳಿಕೊಂಡು ಪಟ್ಟಣ ಸೇರುತ್ತದೆ, ಅವನಿಗೆ ನೆನಪೇ ಹೋಗುತ್ತದೆ. ಕುರಿಗಳು ಅವನನ್ನು ಹುಡುಕಿ ಹೊರಡುತ್ತವೆ. ಗಮನಿಸಿ, ಕಷ್ಟ ಹುಟ್ಟಿದ್ದು ಶಾನ್‌ನ ಚೇಷ್ಟೆಯಿಂದ, ಬಗೆಹರಿಸಬೇಕಾದದ್ದೂ ಶಾನ್. ಪಟ್ಟಣದಲ್ಲಿ ನೆನಪಿಲ್ಲದ ರೈತ ಕುರಿಯ ಉಣ್ಣೆ ಕತ್ತರಿಸುವ ಕೈಚಳಕದಿಂದಲೇ ಹೆಸರಾಂತ ಕ್ಷೌರಿಕನಾಗಿಬಿಡುತ್ತಾನೆ. ಟಿವಿಯಲ್ಲಿ ಈ ಪಾತ್ರಗಳು ಏನಾಗಿದ್ದವೋ ಅದರಿಂದಲೇ ದೊಡ್ಡ ಕಥೆ ಬೆಳೆದಿದೆ. ಶಾನ್‌ನನ್ನು ತೆಗೆದರೆ ಸಿನಿಮಾ ಇಲ್ಲ.

ಇನ್ನು 2021ರ ‘ಟಾಮ್ ಆ್ಯಂಡ್ ಜೆರ್ರಿ’. ಟಿಮ್ ಸ್ಟೋರಿ ನಿರ್ದೇಶನ, ನಿಜ ಮನುಷ್ಯರ ನಡುವೆ ಕಾರ್ಟೂನ್ ಪ್ರಾಣಿಗಳು. ಹಿಂದಿನ ದೂರು ನೆನಪಿಟ್ಟುಕೊಂಡು ಇಬ್ಬರನ್ನೂ ಮೂಕರಾಗಿಯೇ ಉಳಿಸಿದರು, ಹಗೆತನವನ್ನೂ ಉಳಿಸಿದರು. ಚೇಷ್ಟೆಗಳು ಕೆಲವು ಚೆನ್ನಾಗಿಯೂ ಇವೆ. ಆದರೆ ಕಥೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಸುಳ್ಳು ಹೇಳಿ ಕೆಲಸ ಗಿಟ್ಟಿಸಿದ ಹುಡುಗಿಯದು, ಅಲ್ಲಿ ನಡೆಯಬೇಕಾದ ಒಂದು ದೊಡ್ಡ ಮದುವೆಯದು. ಅವಳ ದೃಶ್ಯ ನಡೆಯುವಾಗ ಬೆಕ್ಕು ಇಲಿ ಪಕ್ಕಕ್ಕೆ ನಿಂತು ಕಾಯಬೇಕು. ಸಿನಿಮಾದಲ್ಲಿ ಮತ್ತೆ ಅದೇ ಆಯಿತು: ಹೆಸರು ಅವರದು, ಕಥೆ ಇನ್ನೊಬ್ಬರದು. ನಾಲಿಗೆಯೇ ರೋಗವಾಗಿದ್ದರೆ ಇದು ವಾಸಿಯಾಗಬೇಕಿತ್ತು.

ಒಂದು ಮಾತನ್ನು ಮಾತ್ರ ನಿಮ್ಮ ಮಗಳ ಪರವಾಗಿ ಸೇರಿಸಬೇಕು. ನಮ್ಮ ಕಡೆ ಮಾತು ಬರುವುದು ಇನ್ನೊಂದು ರೀತಿಯಲ್ಲೂ ನಷ್ಟವೇ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಅದು ಇಂಗ್ಲಿಷಿನಲ್ಲಿತ್ತು. ಮಿಕ್ಕ ಕಾರ್ಟೂನುಗಳಲ್ಲಿ ಯಾರು ಏನಂದರೆಂದು ಮಕ್ಕಳು ಊಹಿಸಬೇಕಿತ್ತು. ಟಾಮ್ ಆ್ಯಂಡ್ ಜೆರ್ರಿಗೆ ಆ ತೊಡಕಿರಲಿಲ್ಲ. ಇಂಗ್ಲಿಷ್ ಶಾಲೆಯ ಮಗುವೂ ಕನ್ನಡ ಶಾಲೆಯ ಮಗುವೂ, ಓದು ಬಾರದ ಅಜ್ಜಿಯೂ ಒಂದೇ ಸೋಫಾದಲ್ಲಿ ಕೂತು ಒಂದೇ ಕ್ಷಣಕ್ಕೆ ನಗಬಹುದಿತ್ತು. ನೀವು ಚಿಕ್ಕಂದಿನಲ್ಲಿ ನಕ್ಕದ್ದೂ ಹಾಗೆಯೇ ಇರಬೇಕು. ಈ ಸಿನಿಮಾದಲ್ಲಿ ಆ ಸಮಾನತೆ ಹೋಯಿತು. ಭಾಷೆ ಗೊತ್ತಿದ್ದವರಿಗೆ ಮಾತ್ರ ಕಥೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪೂರ್ತಿ ತೋರಿಸುವ ಹಠ ಬೇಡ. ಅವಳು ತಾನಾಗಿ ಕೇಳಿದರೆ ಮನೆ ಕೆಡವುವವರೆಗಿನ ಮೊದಲ ಭಾಗ ತೋರಿಸಿ, ಅದು ಚೆನ್ನಾಗಿದೆ. ಅದರ ಬದಲು ಎಂಜಿಎಂ ಕಾಲದ ಕಿರುಚಿತ್ರಗಳನ್ನೇ ಆರಿಸಿ ತೋರಿಸುವುದು ಒಳ್ಳೆಯದು. ‘ದಿ ನೈಟ್ ಬಿಫೋರ್ ಕ್ರಿಸ್ಮಸ್’, ‘ದಿ ಕ್ಯಾಟ್ ಕನ್ಸರ್ಟೊ’, ಆಮೇಲೆ ‘ಜೊಹಾನ್ ಮೌಸ್’. ಕೊನೆಯದರಲ್ಲಿ ಇಲಿ ವಿಯೆನ್ನಾದಲ್ಲಿ ವಾಲ್ಟ್ಜ್ ಸಂಗೀತಗಾರ ಜೊಹಾನ್ ಸ್ಟ್ರಾಸ್‌ನ ಮನೆಯಲ್ಲಿದೆ, ಪಿಯಾನೋ ಕೇಳಿದರೆ ಕುಣಿಯದೆ ಇರಲಾರದು, ಬೆಕ್ಕು ಅದನ್ನು ಹಿಡಿಯಲೆಂದೇ ಪಿಯಾನೋ ಕಲಿಯುತ್ತದೆ. ಒಂದು ಎಚ್ಚರಿಕೆ: ನಲವತ್ತರ ದಶಕದ ಚಿತ್ರಗಳಲ್ಲಿ ಮನೆಗೆಲಸದ ಕಪ್ಪು ಹೆಂಗಸಿನ ಚಿತ್ರಣ, ಮಸಿ ಮೆತ್ತಿದ ಮುಖವನ್ನು ನಗೆಗೆ ಬಳಸುವುದು ಅಲ್ಲಲ್ಲಿ ಬರುತ್ತವೆ. ‘ದಿ ಲೋನ್‌ಸಮ್ ಮೌಸ್’ನಲ್ಲೂ ಆ ಹೆಂಗಸಿದ್ದಾಳೆ. ಅದು ಆ ಕಾಲದ ಅಮೆರಿಕದ ಜನಾಂಗ ಭೇದದ ಗುರುತು. ನೀವು ಪಕ್ಕದಲ್ಲಿ ಕೂತು, ಹೀಗೆ ತೋರಿಸಿದ್ದು ಸರಿಯಲ್ಲ ಎಂದು ಅವಳಿಗೆ ಅರ್ಥವಾಗುವಷ್ಟು ಹೇಳಿ.

ಒಂದೇ ಕೂತಲ್ಲಿ ಎರಡು ಮೂರಕ್ಕಿಂತ ಹೆಚ್ಚು ಹಾಕಬೇಡಿ, ಒಂದಾದ ಮೇಲೊಂದು ನೋಡಲು ಮಾಡಿದ ಚಿತ್ರಗಳಲ್ಲ ಅವು. ದೊಡ್ಡ ಸಿನಿಮಾವೇ ಬೇಕೆಂದರೆ ‘ಶಾನ್ ದಿ ಶೀಪ್ ಮೂವಿ’ ಹಾಕಿ, ಮಧ್ಯೆ ಎದ್ದುಹೋಗುವುದಿಲ್ಲ ಎಂದುಕೊಂಡಿದ್ದೇನೆ. ಎದ್ದುಹೋದರೆ ಎಲ್ಲಿ ಎದ್ದಳೆಂದು ದಯವಿಟ್ಟು ಬರೆದು ತಿಳಿಸಿ, ನನಗೂ ಬೇಕು.